ಅಪ್ಪನ ಟ್ರಂಕು, ಅವ್ವನ ಪೆನ್ಷನ್

ಅಪ್ಪ ತೀರಿಕೊಂಡ ಮೂರನೇ ದಿನ ಮನೆಗೆ ಬಂದವರಲ್ಲಿ ಅಪ್ಪನ ಜೊತೆ ರೈಲ್ವೆ ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದ ಒಬ್ಬ ಹಿರಿಯರೂ ಇದ್ದರು. ಅಂಗಳದಲ್ಲಿ ಕೂತು ಚಹಾ ಕುಡಿದರು, ನನ್ನನ್ನು ಪಕ್ಕಕ್ಕೆ ಕರೆದರು. ಸಮಾಧಾನದ ಮಾತು ಹೇಳುತ್ತಾರೆ ಅಂದುಕೊಂಡೆ. "ಪಿಪಿಒ ಎಲ್ಲೈತಿ ನೋಡ್ಕೊ. ಬ್ಯಾಂಕಿಗೆ ಲಗೂನ ತಿಳಸು. ತಿಂಗಳ ಕೊನಿಗೆ ರೊಕ್ಕ ಬಿತ್ತಂದ್ರ ಆಮ್ಯಾಲೆ ತಲಿನೋವು" ಅಂದರು. ಪಿಪಿಒ ಅಂದರೆ ಪೆನ್ಷನ್ ಪೇಮೆಂಟ್ ಆರ್ಡರ್, ಪೆನ್ಷನ್ ಮಂಜೂರಾದ ಕಾಗದ. ನನಗೆ ಸಿಟ್ಟು ಬಂತು. ಮಣ್ಣು ಮಾಡಿ ಬಂದು ಇನ್ನೂ ಕೈಯ ವಾಸನೆ ಹೋಗಿಲ್ಲ, ಇವರಿಗೆ ರೊಕ್ಕದ ಮಾತು! ಸುಮ್ನೆ ತಲೆ ಆಡಿಸಿ ಒಳಗೆ ಬಂದೆ. ಈಗ ಅನಿಸುತ್ತದೆ, ಅವತ್ತು ಬಂದ ಅಷ್ಟು ಜನರಲ್ಲಿ ಅವ್ವ ಮುಂದೆ ಹೇಗೆ ಇರುತ್ತಾಳೆ ಅಂತ ಯೋಚಿಸಿದವರು ಅವರೊಬ್ಬರೇ.

ಅವರ ಮಾತು ನಾನು ಕೇಳಲಿಲ್ಲ. ಅಪ್ಪ ಹೋಗಿದ್ದು 2024ರ ಮಾರ್ಚ್ 12ಕ್ಕೆ. ನಾನು ಬ್ಯಾಂಕಿಗೆ ಹೋಗಿದ್ದು ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಮಾರ್ಚ್ ತಿಂಗಳ ಪೂರ್ತಿ ಪೆನ್ಷನ್ ಜಮಾ ಆಗಿತ್ತು. ಪೆನ್ಷನ್ ಸಿಗುವುದು ಸತ್ತ ದಿನದವರೆಗೆ ಮಾತ್ರ, ಮರುದಿನದಿಂದ ಹೆಂಡತಿಗೆ ಸಿಗುವ ಫ್ಯಾಮಿಲಿ ಪೆನ್ಷನ್ ಲೆಕ್ಕ. ಹಾಗಾಗಿ 19 ದಿನದ ದುಡ್ಡು ವಾಪಸ್ ಹೋಗಬೇಕು. ಅದನ್ನು ಕಟ್ಟುವ ತನಕ ಖಾತೆ ತಡೆಹಿಡಿದರು. ಅದರಲ್ಲಿ ಅವ್ವನ ಔಷಧಿ ದುಡ್ಡೂ ಇತ್ತು.

ಇದೆಲ್ಲ ಬರೆಯಲು ಕಾರಣ, ಇಂಥದ್ದೇ ಓಡಾಟ ಇನ್ನೂ ಎಷ್ಟೋ ಮನೆಗಳಲ್ಲಿ ಬರುತ್ತದೆ. ಇನ್ನೊಂದು ಕಾರಣವೂ ಇದೆ. ಈ ಕಾಗದಗಳ ಹಿಂದೆ ಓಡುತ್ತಾ ಓಡುತ್ತಾ ನನಗೆ ಅಪ್ಪನ ಬಗ್ಗೆ ಗೊತ್ತಾಗಿದ್ದು, ಅವನು ಬದುಕಿದ್ದಾಗ ಗೊತ್ತಾಗಿದ್ದಕ್ಕಿಂತ ಜಾಸ್ತಿ.

ಕಾಗದಗಳೆಲ್ಲ ಇದ್ದದ್ದು ಕಬ್ಬಿಣದ ಟ್ರಂಕಿನಲ್ಲಿ. ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ಹೆಸರು, ಕೆಳಗೆ 'ಕೀಮನ್, ಮುಳವಾಡ'. ಕೀಮನ್ ಅಂದರೆ ದಿನಾ ಹಳಿಗುಂಟ ನಡೆದು ಅದನ್ನು ಪರೀಕ್ಷಿಸುವವನು, ಮುಳವಾಡ ವಿಜಯಪುರದ ಹತ್ತಿರದ ಸ್ಟೇಷನ್. ನಾವು ಹುಡುಗರಿದ್ದಾಗ ಅದನ್ನು ಮುಟ್ಟಿದರೆ ಪೆಟ್ಟು ಬೀಳುತ್ತಿತ್ತು. ಕೀಲಿ ಎಲ್ಲಿದೆ ಅಂತ ಅವ್ವನಿಗೂ ಗೊತ್ತಿರಲಿಲ್ಲ, ಕೊನೆಗೆ ಅದು ಅಪ್ಪನ ಉಡಿದಾರದಲ್ಲೇ ಇತ್ತು ಅಂತ ಮೈ ತೊಳೆಸಿದವರು ತಂದುಕೊಟ್ಟರು. ಒಳಗೆ ಒಂದು ಕೆಂಪು ಬಾವುಟ, ಸೀಟಿ, ತುಕ್ಕು ಹಿಡಿದ ಸ್ಪ್ಯಾನರ್ (ಇದು ರೈಲ್ವೆಗೆ ವಾಪಸ್ ಕೊಡಬೇಕಾದದ್ದು ಅಂತ ನನ್ನ ಅನುಮಾನ), ಮತ್ತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪಿಪಿಒ.

ಪಿಪಿಒ ಜೊತೆ ಒಂದು ಫೋಟೋ. ರಿಟೈರ್ ಆಗುವಾಗ ಗಂಡ ಹೆಂಡತಿ ಜೊತೆಗಿರುವ ಫೋಟೋ ಕೊಡಬೇಕು ಅಂತ ನಿಯಮ, ಅದಕ್ಕಾಗಿ ತೆಗೆಸಿದ್ದು. ಅಪ್ಪ ಸ್ಟುಡಿಯೋದವರ ಕೋಟು ಹಾಕಿಕೊಂಡಿದ್ದಾನೆ, ತೋಳು ಎರಡು ಬೆರಳು ಗಿಡ್ಡ. ಅವ್ವ ಕ್ಯಾಮೆರಾ ಬಿಟ್ಟು ಬೇರೆ ಎಲ್ಲೋ ನೋಡುತ್ತಿದ್ದಾಳೆ. ಇವರಿಬ್ಬರೂ ಜೊತೆಗೆ ನಿಂತ ಫೋಟೋ ನಮ್ಮ ಮನೆಯಲ್ಲಿ ಇದೊಂದೇ. ಮದುವೆಯಲ್ಲಿ ಫೋಟೋ ತೆಗೆಸುವ ಮಾತೇ ಇರಲಿಲ್ಲ. ಗೋಡೆಗೆ ಹಾಕಲು ಅಪ್ಪನದೊಂದು ದೊಡ್ಡ ಫೋಟೋ ಬೇಕಾದಾಗ ಇದನ್ನೇ ಕತ್ತರಿಸಿ ಮಾಡಿಸಿದೆವು. ಹಾರದ ಪಕ್ಕ ಅವ್ವನ ಸೆರಗಿನ ಅಂಚು ಈಗಲೂ ಕಾಣುತ್ತದೆ.

ಬ್ಯಾಂಕಿನ ಹೆಸರು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ನಿಯಮದ ಪ್ರಕಾರ ಇದು ಸುಲಭದ ಕೆಲಸ. ಪಿಪಿಒದಲ್ಲಿ ಹೆಂಡತಿಯ ಹೆಸರು ಇದ್ದು, ಖಾತೆಯೂ ಜಂಟಿಯಾಗಿದ್ದರೆ ಒಂದು ಸಾದಾ ಅರ್ಜಿ, ಮರಣ ಪ್ರಮಾಣ ಪತ್ರ, ಪಿಪಿಒ ನಕಲು, ಆಧಾರ್, ಜಾಸ್ತಿ ದುಡ್ಡು ಬಂದರೆ ವಾಪಸ್ ಕೊಡುತ್ತೇನೆ ಅನ್ನುವ ಮುಚ್ಚಳಿಕೆ, ಇಷ್ಟು ಸಾಕು. ಮರಣ ಪ್ರಮಾಣ ಪತ್ರಕ್ಕೆ ತೊಂದರೆ ಆಗಲಿಲ್ಲ. 21 ದಿನದೊಳಗೆ ನೋಂದಣಿ ಮಾಡಿಸಿದ್ದೆವು. ಐದಾರು ಪ್ರತಿ ಒಟ್ಟಿಗೇ ತೆಗೆದುಕೊಳ್ಳಿ, ಎಲ್ಲರೂ ಒಂದೊಂದು ಕೇಳುತ್ತಾರೆ.

ನಮ್ಮ ಗಾಡಿ ನಿಂತದ್ದು ಅವ್ವನ ಹೆಸರಲ್ಲಿ. ಪಿಪಿಒದಲ್ಲಿ ಅವಳ ಹೆಸರಿನ ಕೊನೆಗೆ 'ವ್ವ' ಇದೆ. ಆಧಾರ್‌ನಲ್ಲಿ 'ಬಾಯಿ' ಇದೆ. ನಮ್ಮ ಕಡೆ ಇದು ಯಾವ ದೊಡ್ಡ ವಿಷಯ? ಊರಲ್ಲಿ ಅವ್ವ, ಪ್ಯಾಟ್ಯಾಗ ಬಾಯಿ. ಆದರೆ ಕೌಂಟರ್‌ನಲ್ಲಿದ್ದವರು ಎರಡೂ ಕಾಗದ ಪಕ್ಕಪಕ್ಕ ಇಟ್ಟು, "ಇವರು ಬೇರೆ, ಅವರು ಬೇರೆ" ಅಂದರು. ಅವ್ವ ಅಲ್ಲೇ ಕೂತಿದ್ದಳು. ನನ್ನ ಕಡೆ ತಿರುಗಿ, "ಹಂಗಂದ್ರ ನಿಮ್ಮಪ್ಪಗ ಇನ್ನೊಬ್ಬಾಕಿ ಇದ್ದಳೇನೋ?" ಅಂದಳು. ಕ್ಯೂನಲ್ಲಿದ್ದ ನಾಲ್ಕು ಜನ ನಕ್ಕರು. ಅಪ್ಪ ಹೋದ ಮೇಲೆ ಅವ್ವ ಆಡಿದ ಮೊದಲ ತಮಾಷೆ ಅದು. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಇಬ್ಬರೂ ಒಬ್ಬರೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ಕೊಟ್ಟೆವು. "ಪೆನ್ಷನ್ ಸೆಂಟರಿಗೆ ಕಳಿಸಿದ್ದೀವಿ" ಅಂದರು. ಮೇ ಹೋಯಿತು, ಜೂನ್ ಹೋಯಿತು. ಪ್ರತಿ ಸಲವೂ ಅದೇ ಮಾತು. ಕೊನೆಗೆ ಒಂದು ದಿನ ಹೊಸದಾಗಿ ಬಂದ ಹುಡುಗಿಯೊಬ್ಬಳು ಡ್ರಾಯರ್ ಎಳೆದಾಗ ನಮ್ಮ ಕವರ್ ಅಲ್ಲೇ ಇತ್ತು. ನೋಟರಿಯ ಕೆಂಪು ಸೀಲ್ ಮೇಲೆಯೇ ಕಾಣುತ್ತಿತ್ತು.

ಈ ಎರಡು ತಿಂಗಳು ನಾನು ರಾತ್ರಿ ಹೊತ್ತು ಟ್ರಂಕಿನ ಉಳಿದ ಕಾಗದ ಓದುತ್ತಾ ಕೂತಿದ್ದೆ. ಬೇರೆ ಯಾವುದಾದರೂ ದಾಖಲೆಯಲ್ಲಿ ಅವ್ವನ ಹೆಸರು 'ಬಾಯಿ' ಅಂತ ಸಿಗಬಹುದು ಅನ್ನುವ ಆಸೆ. ಸಿಗಲಿಲ್ಲ. ಬೇರೆ ಸಿಕ್ಕವು.

ಎಲ್ಲಕ್ಕಿಂತ ಹಳೆಯದು ಕ್ಯಾಶುವಲ್ ಲೇಬರ್ ಕಾರ್ಡ್, ಅಂದರೆ ದಿನಗೂಲಿಯವರ ಕಾರ್ಡ್. 1972. ಆ ವರ್ಷದ ಬರ ನಮ್ಮ ಕಡೆಯ ಹಿರಿಯರಿಗೆಲ್ಲ ನೆನಪಿರುತ್ತದೆ. ಹೊಲ ಒಣಗಿ ಅಪ್ಪ ರೈಲ್ವೆಯಲ್ಲಿ ಕಲ್ಲು ಹೊರಲು ಬಂದ. ಆಗ ಅವನಿಗೆ 22. ಮುಳವಾಡದ ಮೇಲೆ ಹಾದುಹೋಗುವ ಈ ಹೋಟಗಿ-ಗದಗ ಹಳಿ ಹಾಕಿದ್ದೂ ಬರದ ಕಾರಣಕ್ಕೇ ಅಂತ ನಾನು ಆಮೇಲೆ ಓದಿದೆ. 1876-78ರ ಬರದಲ್ಲಿ ವಿಜಾಪುರದ ಕಡೆಗೆ ಕಾಳು ತರಲು ದಾರಿ ಇರಲಿಲ್ಲ, ಅದಾದ ಮೇಲೆ 1880ರ ದಶಕದಲ್ಲಿ ಹಾಕಿದ ಮೀಟರ್ ಗೇಜ್. ಅಪ್ಪನಿಗೆ ಇದು ಗೊತ್ತಿತ್ತೋ ಇಲ್ಲವೋ. ಕೇಳಿದ್ದರೆ "ಇರಬೇಕು" ಅಂದು ಬೀಡಿ ಹಚ್ಚುತ್ತಿದ್ದ.

ಕಾರ್ಡಿನಲ್ಲಿ ಕೆಲಸ ಮಾಡಿದ ದಿನಗಳ ಲೆಕ್ಕ ಇದೆ. 40 ದಿನ, 62 ದಿನ, ನಡುವೆ ಖಾಲಿ. 120 ದಿನ ಒಂದೇ ಸಮನೆ ತುಂಬಿದರೆ ಟೆಂಪರರಿ ಸ್ಟೇಟಸ್, ಅಂದರೆ ದಿನಗೂಲಿಗಿಂತ ಒಂದು ಮೆಟ್ಟಿಲು ಮೇಲಿನ ಸ್ಥಾನ, ಸಿಗುತ್ತಿತ್ತು, ಅದಕ್ಕೇ ಕೆಲವು ಸಲ ತುಂಬುವ ಮೊದಲೇ ಮನೆಗೆ ಕಳಿಸುತ್ತಿದ್ದರಂತೆ. 1974ರ ಮೇ ತಿಂಗಳ ಸಾಲು ಪೂರ್ತಿ ಖಾಲಿ. ಅದು ದೇಶದ ತುಂಬ ನಡೆದ ರೈಲ್ವೆ ಮುಷ್ಕರ, ಮೇ 8ರಿಂದ 27ರ ತನಕ, ಜಾರ್ಜ್ ಫರ್ನಾಂಡಿಸ್ ಅವರ ಮುಂದಾಳತ್ವದಲ್ಲಿ. ಪರ್ಮನೆಂಟ್ ಇದ್ದವರು ಎಷ್ಟೋ ಜನ ಜೈಲಿಗೆ ಹೋದರು, ಕೆಲಸ ಕಳೆದುಕೊಂಡರು. ಅಪ್ಪ ಊರಿಗೆ ಹೋಗಿ ಸುಮ್ಮನೆ ಕೂತಿದ್ದನಂತೆ. ಇದು ಅವ್ವ ಹೇಳಿದ್ದು. ಅಪ್ಪ ಆ ಮುಷ್ಕರದ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ. ಹೆದರಿದ್ದಕ್ಕೆ ನಾಚಿಕೆ ಇತ್ತೇನೋ, ಗೊತ್ತಿಲ್ಲ.

ಅದೇ ಕಾರ್ಡಿನಲ್ಲಿ 'ಗುರುತಿನ ಚಿಹ್ನೆ' ಅನ್ನುವ ಜಾಗ. ಎಡಗೈ ಹೆಬ್ಬೆರಳ ಮೇಲೆ ಗಾಯದ ಕಲೆ.

ನಾನು ಅಲ್ಲೇ ನಿಂತೆ. ಆ ಕಲೆ ನನಗೆ ಚೆನ್ನಾಗಿ ಗೊತ್ತು. ನಮಗೆ ಅಪ್ಪ ಹೇಳಿದ್ದು, ಕೀ (ಹಳಿಯನ್ನು ಬಿಗಿಯಾಗಿ ಹಿಡಿದಿಡುವ ಬೆಣೆ) ಬಡಿಯುವಾಗ ಸುತ್ತಿಗೆ ಜಾರಿ ಹೆಬ್ಬೆರಳ ಮೇಲೆ ಬಿತ್ತು, ರಕ್ತ ಸುರೀತಿತ್ತು, ಆದರೂ ಬಾವುಟ ಬಿಡದೆ ಗಾಡಿ ದಾಟಿಸಿದೆ ಅಂತ. ಎಷ್ಟು ಸಲ ಕೇಳಿದ್ದೆವು ಆ ಕಥೆ! ನಾನು ಶಾಲೆಯಲ್ಲಿ ಭಾಷಣದಲ್ಲೂ ಹೇಳಿದ್ದೆ. ಆದರೆ ಅಪ್ಪ ಕೀಮನ್ ಆಗಿದ್ದು 1984ರಲ್ಲಿ. 1972ರ ಕಾರ್ಡಿನಲ್ಲಿ ಈ ಕಲೆ ಹೇಗೆ ಬಂತು? ಅವ್ವನನ್ನು ಕೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸದೇ ಹೇಳಿದಳು: "ಅದು ಜ್ವಾಳ ಕೊಯ್ಯಾಗ ಕುಡಗೋಲು ಬಡದಿದ್ದು. ಮದವಿಗಿಂತ ಮೊದಲ. ನಿಮ್ಮ ಮುಂದ ಏನೋ ಒಂದು ಹೇಳ್ಯಾನ."

ನನಗೆ ಬೇಜಾರಾಗಲಿಲ್ಲ. ನಿಜ ಹೇಳಬೇಕೆಂದರೆ ಖುಷಿ ಆಯಿತು. ನಮ್ಮಪ್ಪ ಕಥೆ ಕಟ್ಟುವ ಮನುಷ್ಯ ಅಂತ ನಾನು ಯಾವತ್ತೂ ಅಂದುಕೊಂಡಿರಲಿಲ್ಲ.

ಇನ್ನೊಂದು ಕಾಗದ ಇದಕ್ಕೆ ಪೂರ್ತಿ ಉಲ್ಟಾ. ಅದೊಂದು ಬಹುಮಾನದ ಪತ್ರ. ಹಳಿ ತುಂಡಾಗಿದ್ದನ್ನು ಸರಿಯಾದ ಹೊತ್ತಿಗೆ ಕಂಡುಹಿಡಿದದ್ದಕ್ಕೆ ನೂರು ರೂಪಾಯಿ. ಇದರ ಬಗ್ಗೆ ಮನೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಒಂದು ಚಳಿಗಾಲದಲ್ಲಿ ಅಪ್ಪ ಕಾರಣ ಇಲ್ಲದೆ ಪೇಢೆ ತಂದಿದ್ದು ನೆನಪಿದೆ, ಅದೇ ಇರಬೇಕು. ಆ ಗ್ಯಾಂಗಿನ ಹಿರಿಯರನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಅವರು ಕೈ ಸನ್ನೆ ಮಾಡುತ್ತಾ ವಿವರಿಸಿದರು. ಚಳಿಯಲ್ಲಿ ಹಳಿ ಕುಗ್ಗುತ್ತದೆ, ಬೆಳಗಿನ ಜಾವದಲ್ಲಿ ತುಂಡಾಗುವುದು ಜಾಸ್ತಿ. ಕಂಡ ಕೂಡಲೇ ಕೆಂಪು ಬಾವುಟ ನೆಡಬೇಕು, ಗಾಡಿ ಬರುವ ದಿಕ್ಕಿಗೆ ಓಡಬೇಕು. ಮೀಟರ್ ಗೇಜಿನಲ್ಲಿ 400 ಮೀಟರ್‌ಗೆ ಒಂದು ಪಟಾಕಿ ಹಳಿಗೆ ಕಟ್ಟಬೇಕು, 800 ಮೀಟರ್‌ಗೆ ಹತ್ತತ್ತು ಮೀಟರ್ ಬಿಟ್ಟು ಮೂರು. ಗಾಲಿ ಹತ್ತಿದರೆ ಢಂ ಅಂತ ಸಿಡಿಯುತ್ತದೆ, ಡ್ರೈವರ್ ಗಾಡಿ ನಿಲ್ಲಿಸುತ್ತಾನೆ. "ನಿಮ್ಮಪ್ಪ ಓಡಿದ್ದು ನಾ ನೋಡೀನಿ. ಒಂದ ಕಾಲಾಗ ಚಪ್ಪಲಿ ಇರಲಿಲ್ಲ" ಅಂದರು.

ನಡೆಯದ್ದನ್ನು ಅಷ್ಟು ಸಲ ಹೇಳಿದ, ನಡೆದದ್ದನ್ನು ಹೇಳಲೇ ಇಲ್ಲ. ಯಾಕೆ ಅಂತ ಇವತ್ತಿಗೂ ಯೋಚಿಸುತ್ತೇನೆ. ಅದನ್ನು ಹೇಳಿದರೆ, 'ಹಳಿ ತುಂಡಾಗುತ್ತದೆ, ಗಾಡಿ ಬೀಳಬಹುದು' ಅನ್ನುವ ಭಯ ನಮ್ಮ ಮನೆಯೊಳಗೆ ಬರುತ್ತದೆ ಅಂತ ಇರಬಹುದು. ನಾವು ಹಳಿಯಿಂದ ಐವತ್ತು ಹೆಜ್ಜೆ ದೂರದಲ್ಲೇ ಮಲಗುತ್ತಿದ್ದೆವಲ್ಲ.

ಕೀಮನ್ ಕೆಲಸ ನೋಡಲು ಏನೂ ಇಲ್ಲ. ಬೆಳಿಗ್ಗೆ ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರ್, ಎರಡು ಕೆಂಪು ಬಾವುಟ, ಒಂದು ಹಸಿರು, ಚೀಲದಲ್ಲಿ ಪಟಾಕಿ, ಬುತ್ತಿಯಲ್ಲಿ ರೊಟ್ಟಿ ಮತ್ತು ಶೇಂಗಾ ಹಿಂಡಿ. ಸುಮಾರು ಆರು ಕಿಲೋಮೀಟರ್ ಹೋಗಬೇಕು, ಆರು ಬರಬೇಕು. ಹೋಗುವಾಗ ಒಂದು ಹಳಿ ನೋಡಬೇಕು, ಬರುವಾಗ ಇನ್ನೊಂದು. ಸಡಿಲಾದ ಕೀಗಳನ್ನು ಬಡಿದು ಕೂರಿಸಬೇಕು, ಬೋಲ್ಟ್ ಬಿಗಿ ಮಾಡಬೇಕು. ಸುತ್ತಿಗೆಯಿಂದ ಕೀ ಬಡಿದಾಗ ಬರುವ ಸದ್ದಲ್ಲೇ ಬಿಗಿ ಇದೆಯೋ ಸಡಿಲು ಇದೆಯೋ ತಿಳಿಯುತ್ತಿತ್ತು ಅವನಿಗೆ. ಮನೆಯಲ್ಲೂ ಅದೇ ಚಾಳಿ. ಹೊಸ ಕೊಡ ತಂದರೆ ಬೆರಳಿಂದ ಬಡಿಯುವುದು, ಕಲ್ಲಂಗಡಿ ಬಡಿಯುವುದು, ಪರೀಕ್ಷೆ ದಿನ ನಮ್ಮ ತಲೆ ಬಡಿದು "ಏನರ ಐತೇನ ಒಳಗ?" ಅನ್ನುವುದು.

ಎರೆಮಣ್ಣಿನ ಸೀಮೆಯಲ್ಲಿ ಹಳಿ ನೋಡಿಕೊಳ್ಳುವುದು ಬೇರೆಯೇ ಕಷ್ಟ. ಮಳೆ ಬಿದ್ದರೆ ಎರೆ ಉಬ್ಬುತ್ತದೆ, ಮೆತ್ತಗಾಗುತ್ತದೆ, ಹಳಿ ಕುಸಿಯುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು. ಮಳೆಗಾಲದ ರಾತ್ರಿ ಕಂದೀಲು ಹಿಡಿದು ಗಸ್ತು ತಿರುಗಬೇಕಿತ್ತು. ಮರುದಿನ ಗ್ಯಾಂಗಿನವರೆಲ್ಲ ಸೇರಿ ಹಳಿ ಎತ್ತಿ, ಕೆಳಗೆ ಜಲ್ಲಿ ಬಡಿದು ಮಟ್ಟ ಮಾಡುತ್ತಿದ್ದರು. ಅಪ್ಪನ ಕಾಲಿನ ಸಂದಿಗಳಲ್ಲಿ ಎರೆಮಣ್ಣಿನ ಗೆರೆ ರಿಟೈರ್ ಆಗಿ ಎರಡು ವರ್ಷ ಆದರೂ ಹೋಗಿರಲಿಲ್ಲ.

ಕಾಲೇಜಿನಲ್ಲಿದ್ದಾಗ ಜಾಣತನ ತೋರಿಸಲು ನಾನೊಂದು ಲೆಕ್ಕ ಹಾಕಿದ್ದೆ. ದಿನಕ್ಕೆ 12 ಕಿಲೋಮೀಟರ್, ವರ್ಷಕ್ಕೆ 300 ದಿನ, 20 ವರ್ಷ ಹಿಡಿದರೂ 72,000 ಕಿಲೋಮೀಟರ್. "ಅಪ್ಪಾ, ನೀ ಭೂಮಿಗೆ ಹತ್ರ ಹತ್ರ ಎರಡು ಸುತ್ತು ಹಾಕ್ತಿ" ಅಂದೆ. ಅಪ್ಪ ನನ್ನ ಮುಖ ನೋಡಿ, "ಸುಳ್ಳ. ನಾ ಮುಳವಾಡ ಬಿಟ್ಟು ಎಲ್ಲಿ ಹೋಗೀನಿ?" ಅಂದ. ಪಾಸ್ ಇದ್ದರೂ ಅವನು ದೂರ ಹೋಗಿದ್ದು ಒಂದೇ ಸಲ, ಅವ್ವನನ್ನು ಕರೆದುಕೊಂಡು ಪಂಢರಪುರಕ್ಕೆ. ಅಲ್ಲೂ ಕಿಟಕಿಯಿಂದ ಹಳಿಯನ್ನೇ ನೋಡುತ್ತಾ ಕೂತಿದ್ದನಂತೆ.

ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. 1000 ಮಿಲಿಮೀಟರ್ ಇದ್ದ ಅಗಲ 1676 ಆಯಿತು. "ಮೂರು ಗೇಣು ಜಾಸ್ತಿ ಆತು, ಕಾಲಿಗೆ ಅಳತಿ ಸಿಗವಲ್ದು" ಅಂತ ಅಪ್ಪ ಬಹಳ ದಿನ ಗೊಣಗಿದ. 2003ರ ಏಪ್ರಿಲ್ 1ಕ್ಕೆ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆ ಸುರುವಾಯಿತು, ಅಲ್ಲಿಯವರೆಗೆ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆ. ಅಪ್ಪ ಮಾತ್ರ ಅದೇ ಕ್ವಾರ್ಟರ್ಸ್, ಅದೇ ಆರು ಕಿಲೋಮೀಟರ್. ಕೊನೆಗೆ ಮೇಟ್ ಆಗಿ, ಗ್ಯಾಂಗಿನ ಮೇಲೆ ಹುಕುಂ ನಡೆಸುವ ಕೆಲಸ ಬಂತು. ಅದು ಅವನಿಗೆ ಅಷ್ಟು ಹಿಡಿಸಲಿಲ್ಲ.

ಅಪ್ಪನ ಹುಟ್ಟಿದ ದಿನ ಕಾಗದದಲ್ಲಿ 1950ರ ಜೂನ್ 1. ನಿಜವಾದದ್ದು ಯಾರಿಗೂ ಗೊತ್ತಿಲ್ಲ, ಆ ಕಾಲದ ಮಾಸ್ತರರು ಎಲ್ಲರಿಗೂ ಜೂನ್ 1 ಬರೆಯುತ್ತಿದ್ದರು. ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೇ ದಿನವೇ ರಿಟೈರ್. ಹಾಗಾಗಿ 2010ರ ಮೇ 31. "ಮಾಸ್ತರ ಎರಡನೇ ತಾರೀಖು ಬರದಿದ್ರ ಒಂದು ತಿಂಗಳ ಪಗಾರ ಜಾಸ್ತಿ ಬರ್ತಿತ್ತು" ಅಂತ ನಗುತ್ತಿದ್ದ. ಪೆನ್ಷನ್‌ನ 40 ಶೇಕಡಾ ಕಮ್ಯುಟೇಶನ್ ಮಾಡಿಸಿ, ಅಂದರೆ ಆ ಭಾಗವನ್ನು ಬಿಟ್ಟುಕೊಟ್ಟು ಅದರ ಬದಲು ಒಟ್ಟಿಗೇ ಬಂದ ದುಡ್ಡು ಸೇರಿಸಿಯೇ ವಿಜಯಪುರದಲ್ಲಿ ಈ ಎರಡು ಕೋಣೆಯ ಮನೆ ಕಟ್ಟಿದ್ದು. ಛಾವಣಿ ಮೇಲೆ ನಿಂತರೆ ಗೋಲಗುಂಬಜ್ ಕಾಣುತ್ತದೆ, ಗಾಡಿ ಸೀಟಿ ಕೇಳುತ್ತದೆ. ಜಾಗ ಕೊಳ್ಳುವಾಗ ಅವನು ನೋಡಿದ್ದು ಎರಡನೆಯದನ್ನು. ಕಮ್ಯುಟೇಶನ್ ಭಾಗ 15 ವರ್ಷಕ್ಕೆ ವಾಪಸ್ ಸೇರುತ್ತದೆ, ಅಂದರೆ 2025ರ ಜೂನ್‌ನಿಂದ ಪೂರ್ತಿ ಪೆನ್ಷನ್. ಆ ತಿಂಗಳಿಗಾಗಿ ಎಣಿಸುತ್ತಿದ್ದ. 15 ತಿಂಗಳು ಮೊದಲೇ ಹೋದ.

ಸರಿ, ಪೆನ್ಷನ್ ವಿಷಯಕ್ಕೆ ಬರುತ್ತೇನೆ. ಡ್ರಾಯರ್ ಪ್ರಕರಣ ಆದ ಮೇಲೆ ಆ ಹಿರಿಯರೇ ಹೇಳಿದರು, ಹುಬ್ಬಳ್ಳಿಯ ರೈಲ್ವೆ ಕಚೇರಿಗೆ ಹೋಗಿ ಪಿಪಿಒದಲ್ಲೇ ಹೆಸರು ಸರಿ ಮಾಡಿಸು, ಜೊತೆಗೆ ಅವ್ವನ ಹುಟ್ಟಿದ ದಿನಾಂಕವನ್ನೂ ಸೇರಿಸು ಅಂತ. ಹಳೇ ಪಿಪಿಒಗಳಲ್ಲಿ ಹೆಂಡತಿಯ ಹುಟ್ಟಿದ ದಿನಾಂಕ ಎಷ್ಟೋ ಸಲ ಇರುವುದೇ ಇಲ್ಲ. ಈಗ ಇದು ಬೇಡದ ಕೆಲಸ ಅನಿಸಬಹುದು, ಆದರೆ 80 ವರ್ಷ ತುಂಬಿದ ಮೇಲೆ ಪೆನ್ಷನ್ 20 ಶೇಕಡಾ ಜಾಸ್ತಿ ಆಗುತ್ತದೆ, ಆಗ ದಿನಾಂಕ ಇಲ್ಲದಿದ್ದರೆ ಮತ್ತೆ ಓಡಾಟ. ನಿಮ್ಮ ಮನೆಯಲ್ಲಿ ರೈಲ್ವೆ ಪೆನ್ಷನ್‌ದಾರರಿದ್ದರೆ ಇವತ್ತೇ ಪಿಪಿಒ ತೆಗೆದು ನೋಡಿ, ಅವರು ಇರುವಾಗಲೇ ಸರಿ ಮಾಡಿಸಿ. ಅವ್ವನದು ಆಧಾರ್ ಪ್ರಕಾರ 1957ರ ಜನವರಿ 1. ಅವಳದನ್ನು ಬರೆದದ್ದು ಮಾಸ್ತರರಲ್ಲ, ಆಧಾರ್ ಮಾಡುವ ಹುಡುಗ.

ಜುಲೈನಲ್ಲಿ ಹುಬ್ಬಳ್ಳಿಗೆ ಹೋದೆವು. ಅಲ್ಲಿ ಕೆಲಸ ಬೇಗ ಆಯಿತು, ಬರೆಯುವಂಥದ್ದು ಏನಿಲ್ಲ. ಸೆಪ್ಟೆಂಬರ್‌ನಲ್ಲಿ ಮಾರ್ಚ್ 13ರಿಂದ ಲೆಕ್ಕ ಹಾಕಿ ಬಾಕಿಯೆಲ್ಲ ಒಟ್ಟಿಗೇ ಬಂತು. ಅಪ್ಪನ ಪೆನ್ಷನ್ ಕೊನೆಯ ಪಗಾರದ ಅರ್ಧ ಇತ್ತು, ಅವ್ವನದು 30 ಶೇಕಡಾ, ಮೇಲೆ ತುಟ್ಟಿಭತ್ಯೆ. ರಿಟೈರ್ ಆದ ಏಳು ವರ್ಷದೊಳಗೆ, ಅದೂ 67 ದಾಟುವ ಮೊದಲು ಹೋಗಿದ್ದರೆ ಆ ಅವಧಿ ಮುಗಿಯುವ ತನಕ ಜಾಸ್ತಿ ಸಿಗುತ್ತಿತ್ತು. ಇದನ್ನು ಅವ್ವನಿಗೆ ಹೇಳಿದಾಗ, "ಕಮ್ಮಿ ಬರಲಿ ಬಿಡು, ಅಷ್ಟು ವರ್ಷ ಇದ್ನಲ್ಲ" ಅಂದಳು. ಮತ್ತೆ, ಕಮ್ಯುಟೇಶನ್ ಕಡಿತ ಫ್ಯಾಮಿಲಿ ಪೆನ್ಷನ್‌ಗೆ ಇರುವುದಿಲ್ಲ. ಯಾರಾದರೂ ಕಡಿದರೆ ಸುಮ್ಮನಿರಬೇಡಿ.

ಹುಬ್ಬಳ್ಳಿಯಿಂದ ವಾಪಸ್ ಬರುವ ದಿನದ್ದು ಒಂದು ಉಳಿಯಿತು. ಅವ್ವನಿಗೆ ಕಿಟಕಿ ಸೀಟು ಕೊಟ್ಟಿದ್ದೆ. ಬಾದಾಮಿ, ಬಾಗಲಕೋಟೆ ತನಕ ನಿದ್ದೆ ಮಾಡಿದಳು. ಆಲಮಟ್ಟಿ ಹತ್ತಿರ ಕೃಷ್ಣೆಯ ಸೇತುವೆ ಮೇಲೆ ಸದ್ದು ಬದಲಾದಾಗ ಎದ್ದು, ಚಿಲ್ಲರೆ ಹುಡುಕಿ ಒಂದು ರೂಪಾಯಿ ನೀರಿಗೆ ಎಸೆದು ಕೈ ಮುಗಿದಳು. ಆಮೇಲೆ ಮಲಗಲಿಲ್ಲ. ಕೂಡಗಿಯ ಕರೆಂಟ್ ಕಾರ್ಖಾನೆಯ ಚಿಮಣಿಗಳು ಕಂಡವು. ಅವ್ವ ಸೆರಗು ಸರಿ ಮಾಡಿಕೊಂಡು ಕಿಟಕಿಗೆ ಮುಖ ಹಚ್ಚಿ ಕೂತಳು, ಯಾರೋ ಪರಿಚಯದವರು ಹೊರಗೆ ನಿಂತಿರುತ್ತಾರೆ ಅನ್ನುವ ಹಾಗೆ. ಮುಳವಾಡ ಬಂತು. ನಮ್ಮ ಕ್ವಾರ್ಟರ್ಸ್ ಇದ್ದ ಜಾಗ ಯಾವುದು ಅಂತ ನನಗೆ ಗುರುತು ಸಿಗಲಿಲ್ಲ. ಅವ್ವ ಒಂದು ಬೇವಿನ ಗಿಡ ತೋರಿಸಿದಳು. ಅಷ್ಟರಲ್ಲಿ ದಾಟಿತು.

ಈಗ ಅಲ್ಲಿ ಮೇಲೆ ಕರೆಂಟ್ ತಂತಿ ಬಂದಿದೆ. ಹಳಿಯೂ ಜೋಡಿ ಆಗಿದೆ. ಅವ್ವ ಪಕ್ಕದ ಹಳಿಯನ್ನೇ ಬಹಳ ಹೊತ್ತು ನೋಡುತ್ತಿದ್ದಳು.

"ಎರಡು ಆಗ್ಯಾವಲ್ಲೋ" ಅಂದಳು. "ನಿಮ್ಮಪ್ಪ ಇದ್ದಿದ್ರ ಯಾವ್ದರ ಮ್ಯಾಲೆ ನಡೀತಿದ್ದ?"

ಜುಮನಾಳ ದಾಟಿತು. ನಾನು ಚೀಲ ಕೆಳಗಿಳಿಸಿದೆ.